ಕೊಸರು ತೆಗೆದ ಸೈಕಲ್

ಮಾರ್ಚ್ ೪, ಸೋಮವಾರ

ತಮ್ಮಾ, ನಿನಗೂ ನಿನ್ನ ಹೆಂಡತಿಗೂ ಆಶೀರ್ವಾದಗಳು.

ಇವತ್ತು ಸೋಮವಾರ, ನನ್ನ ಉಪವಾಸ. ಎದ್ದು ಬಾಗಿಲು ಗುಡಿಸಿ, ನೀರು ಹಿಡಿದಿಟ್ಟು, ದೇವರ ಮುಂದೆ ದೀಪ ಹಚ್ಚಿ, ನಿನ್ನೆ ಕಟ್ಟಿ ನೇತುಹಾಕಿದ್ದ ಚಕ್ರಗಳನ್ನು ಕೊಕ್ಕೆಯಿಂದ ಇಳಿಸಿ ಒಂದೊಂದನ್ನೇ ತಿರುಗಿಸಿ ನೋಡಿದೆ. ಒಲೆ ಹಚ್ಚದ ದಿನ ಕಾಗದ ಬರೆಯಲು ಪುರುಸೊತ್ತು. ನಿನ್ನ ಭಾವನಿಗೆ ರಾತ್ರಿಯದ್ದನ್ನೇ ಬಡಿಸಿದೆ. "ಉಪವಾಸ ನಿಂಗೋ ನಂಗೋ?" ಅಂದರು. ದೇವರ ಹೆಸರಿನಲ್ಲಿ ಇಬ್ಬರಿಗೂ ಅರ್ಧರ್ಧ ಇರಲಿ ಅಂದೆ.

ಫೋನು ಯಾಕೆ ಮಾಡುವುದಿಲ್ಲ ಅಂತ ಕೇಳಬೇಡ. ಫೋನು ಮಾಡಿದರೆ ನಿನ್ನ ಕಡೆ ಮಷೀನಿನ ಸದ್ದು, ನನ್ನ ಕಡೆ ಸುತ್ತಿಗೆಯ ಸದ್ದು. ಹೋದ ಸಲ ನಾನು "ಆರೋಗ್ಯವೇನೋ?" ಅಂದರೆ ನೀನು "ಆಯ್ತು, ನಾಳೆ ಕಳಿಸ್ತೀನಿ" ಅಂದೆ. ಏನು ಕಳಿಸುತ್ತೀಯೋ ಎಂದು ಇನ್ನೂ ಕಾಯುತ್ತಿದ್ದೇನೆ.

ಇಲ್ಲಿ ಗಲ್ಲಿ ನೀನು ಬಿಟ್ಟುಹೋದ ಹಾಗೇ ಇದೆ. ಮೇಲ್ತುದಿಯಲ್ಲಿ ಚಿಕ್ಕಪ್ಪ ಫ್ರೇಮು ಬೆಸೆಯುತ್ತಾರೆ, ಎದುರಿಗೆ ಅತ್ತೆ ಬೆಲ್ಲು ಮಾಡುತ್ತಾರೆ, ನಾನು ಚಕ್ರ ಕಟ್ಟುತ್ತೇನೆ, ನಿನ್ನ ಭಾವ ಸೀಟು ಹೊಲಿಯುತ್ತಾರೆ. ಆದರೆ ಕೈಗೆ ಕೆಲಸ ಕಡಿಮೆಯಾಗಿದೆ. ಅಂಗಡಿಗಳವರು ಹಡಗಿನಲ್ಲಿ ಬರುವ ಅಗ್ಗದ ಸೈಕಲ್ಲುಗಳನ್ನೂ ನಿಮ್ಮ ದೊಡ್ಡ ಕಾರ್ಖಾನೆಯ ಸೈಕಲ್ಲುಗಳನ್ನೂ ಸಾಲಾಗಿ ನಿಲ್ಲಿಸಿಕೊಂಡಿದ್ದಾರೆ. ಚಿಕ್ಕಪ್ಪ ಹೋದ ವಾರ ಒಂದು ಹೊಸ ಬೀಗ ತಂದು ಗೋಡೆಯ ಮೊಳೆಗೆ ನೇತುಹಾಕಿದ್ದಾರೆ. "ಮಳೆಗಾಲದ ಒಳಗೆ ದೊಡ್ಡ ಆರ್ಡರ್ ಬರ್ಲಿಲ್ಲ ಅಂದ್ರೆ ಇದನ್ನ ಬಾಗ್ಲಿಗೆ ಹಾಕಿ, ಶೆಡ್ಡನ್ನ ಗೋಡೌನಿಗೆ ಕೊಟ್ಬಿಡ್ತೀನಿ" ಎನ್ನುತ್ತಾರೆ. ಫ್ರೇಮೇ ಇಲ್ಲದ ಮೇಲೆ ನನ್ನ ಚಕ್ರ ಯಾವುದಕ್ಕೆ, ಅತ್ತೆಯ ಬೆಲ್ಲು ಯಾವುದಕ್ಕೆ?

ಹಾಗಂತ ಕೈಕಟ್ಟಿ ಕೂತಿಲ್ಲ. ಏನೋ ಒಂದು ನಡೆಯುತ್ತಿದೆ. ಏನೆಂದು ಬಾಯಿಬಿಡುವುದಿಲ್ಲ ಅಂತ ಎಲ್ಲರೂ ಮಾತು ಕೊಟ್ಟಿದ್ದೇವೆ. ನಾನಂತೂ ದೀಪದ ಮುಂದೆ ನಿಂತು ಕೊಟ್ಟಿದ್ದೇನೆ. ಆದ್ದರಿಂದ ಕೇಳಬೇಡ.

ಅಂದಹಾಗೆ ಒಂದು ವಿಷಯ. ಹೆಣ್ಣುಮಗಳೊಬ್ಬಳು ಸೈಕಲ್ ಓಡಿಸಬೇಕೆಂದರೆ ಅದು ಎಷ್ಟು ಭಾರವಿದ್ದರೆ ಒಳ್ಳೆಯದು? ಸುಮ್ಮನೆ ಕೇಳಿದೆ.

ನಿನ್ನ ಅಕ್ಕ


ಮಾರ್ಚ್ ೧೨

ಅಕ್ಕಾ, ನಮಸ್ಕಾರ.

ನಿನ್ನ ಕಾಗದ ಓದಿ ನಾನೂ ನನ್ನ ಹೆಂಡತಿಯೂ ನಕ್ಕೂ ನಕ್ಕೂ ಸುಸ್ತಾದೆವು. ಕೊನೆಯ ಸಾಲಿಗೆ ಬಂದಾಗ ಎಲ್ಲ ಅರ್ಥವಾಯಿತು. "ಏನೋ ನಡೆಯುತ್ತಿದೆ" ಅಂದರೆ ಇದೇ ತಾನೇ? ನೀನು ಸೈಕಲ್ ಕಲಿಯುತ್ತಿದ್ದೀಯ! ಇಷ್ಟು ವರ್ಷ ಊರಿಗೆಲ್ಲ ಚಕ್ರ ಕಟ್ಟಿಕೊಟ್ಟು ಒಂದು ದಿನವೂ ಸೀಟಿನ ಮೇಲೆ ಕೂತವಳಲ್ಲ. ಈಗಲಾದರೂ ಬುದ್ಧಿ ಬಂತಲ್ಲ. ಗುಟ್ಟು ಯಾಕೆ, ನಾಚಿಕೆ ಯಾಕೆ?

ನನ್ನ ಮಾತು ಕೇಳು. ಭಾರದ ಸೈಕಲ್ ಮುಟ್ಟಲೇಬೇಡ. ನಿಂತಲ್ಲೇ ಒಂದು ಕೈಯಲ್ಲಿ ಎತ್ತಿಕೊಂಡು ನಮ್ಮ ಹಳೇ ಮನೆಯ ಮೆಟ್ಟಿಲು ಹತ್ತಬೇಕು, ಉಸಿರು ಕಟ್ಟಬಾರದು. ಅಷ್ಟೇ ಲೆಕ್ಕ. ಸಂಜೆ ಗಲ್ಲಿ ಖಾಲಿಯಾದ ಮೇಲೆ ಹತ್ತು. ಭಾವನಿಗೆ ಹಿಂದಿನಿಂದ ಸೀಟು ಹಿಡಿದುಕೊಳ್ಳಲು ಹೇಳು. ಬಿಟ್ಟಿದ್ದಾರೋ ಇಲ್ಲವೋ ಎಂದು ತಿರುಗಿ ನೋಡಬೇಡ. ತಿರುಗಿ ನೋಡಿದರೆ ಬೀಳುತ್ತೀಯ.

ಇಲ್ಲಿ ಎಲ್ಲ ಮಾಮೂಲು. ಹೇಳುವಂಥ ವಿಶೇಷವೇನೂ ಇಲ್ಲ. ಫಿಟ್ಟಿಂಗ್ ಸಾಲಿನಲ್ಲಿ ನಿಂತು ಬರುವ ಸೈಕಲ್ಲುಗಳನ್ನು ಜೋಡಿಸುತ್ತೇನೆ. ಕಾರ್ಖಾನೆ ಎಷ್ಟು ದೊಡ್ಡದೆಂದರೆ ಆ ತುದಿಯ ಬಣ್ಣದ ಮನೆಯವನ ಮುಖವನ್ನೇ ನಾನು ಇನ್ನೂ ನೋಡಿಲ್ಲ.

ಒಂದು ಸಣ್ಣ ಸಂಶಯ. ನನ್ನ ಗೆಳೆಯನೊಬ್ಬನ ಸೈಕಲ್ಲಿದೆ. ಚಕ್ರ ಹೊಸದು, ತಿರುಗಿಸಿದರೆ ಗೆರೆ ಎಳೆದ ಹಾಗೆ ನೇರ. ಆದರೆ ಸ್ವಲ್ಪ ಓಡಿಸಿದರೆ ಸಾಕು, ಬೆಂಡು ಬಂದುಬಿಡುತ್ತದೆ. ಯಾಕಿರಬಹುದು? ಅವನು ಪಾಪ ತಲೆ ಕೆಡಿಸಿಕೊಂಡಿದ್ದಾನೆ.

ನಿನ್ನ ತಮ್ಮ


ಮಾರ್ಚ್ ೧೮, ಸೋಮವಾರ

ತಮ್ಮಾ,

ಹೌದಪ್ಪಾ, ಸೈಕಲ್ ಕಲಿಯುತ್ತಿದ್ದೇನೆ ಅಂತಲೇ ಇಟ್ಟುಕೊ. ಉಪವಾಸದ ದಿನ ಸುಳ್ಳು ಬರೆಯಬಾರದು, ಆದ್ದರಿಂದ ಹೆಚ್ಚು ಬರೆಯುವುದಿಲ್ಲ.

ಆದರೆ ನಡೆದದ್ದನ್ನು ಹೇಳದೆ ಇರಲೂ ಆಗುವುದಿಲ್ಲ. ಹೋದ ಸೋಮವಾರ ನಮ್ಮಲ್ಲಿ ಒಂದು ಹೊಸ ಲೇಡೀಸ್ ಸೈಕಲ್ ತಯಾರಾಯಿತು. ಗಲ್ಲಿಯವರೆಲ್ಲ ಸೇರಿ ಮಾಡಿದ್ದು. ಬಣ್ಣ ಒಣಗಿ ಹೊರಗೆ ನಿಲ್ಲಿಸಿದಾಗ ಎಷ್ಟು ಚಂದ ಕಂಡಿತು ಅಂತೀಯ! ಚಿಕ್ಕಪ್ಪ ಎದೆ ಮುಂದೆ ಮಾಡಿಕೊಂಡು, "ಬಾರಮ್ಮಾ, ನೀನೇ ಎತ್ತಿ ನೋಡು" ಅಂದರು. ಎತ್ತಲು ಹೋದೆ. ಮುಂದಿನ ಚಕ್ರ ಎದ್ದಿತು, ಹಿಂದಿನದು ಏಳಲಿಲ್ಲ. ಹಿಂದಿನದನ್ನು ಎತ್ತಿದೆ, ಮುಂದಿನದು ಕೂತಿತು.

"ಉಪವಾಸ ಅಲ್ವಾ, ಶಕ್ತಿ ಇಲ್ಲ ಪಾಪ" ಅಂದರು ಚಿಕ್ಕಪ್ಪ.

"ಉಪವಾಸದ ಮೇಲೆ ಹಾಕ್ಬೇಡಿ. ನೀವು ಉಂಡಿದೀರಲ್ಲ, ನೀವೇ ಎತ್ತಿ" ಅಂದೆ.

ಎತ್ತಿದರು. ಸೊಂಟ ಹಿಡಿದುಕೊಂಡು ಅಲ್ಲೇ ಕೂತರು.

ಆಮೇಲೆ ಒಬ್ಬೊಬ್ಬರ ಬಾಯಿಂದ ನಿಜ ಹೊರಬಿತ್ತು. ನಮ್ಮ ಗಲ್ಲಿಯ ಅಭ್ಯಾಸ ನಿನಗೆ ಗೊತ್ತಲ್ಲ, ಯಾರೇ ಕೇಳಿದರೂ ಕೇಳಿದ್ದಕ್ಕಿಂತ ಒಂಚೂರು ಹೆಚ್ಚು ಕೊಡುವುದು. ಹಿಡಿ ಬೇರಿಂಗ್ ಬಾಲ್ಸು ಕೇಳಿದರೆ ಹಿಡಿಯ ಮೇಲೆ ನಾಲ್ಕು ಕೊಸರು. ಈ ಸೈಕಲ್ಲಿಗೂ ಎಲ್ಲರೂ ಕೊಸರು ಹಾಕಿಬಿಟ್ಟಿದ್ದೇವೆ. ತಾನು ಮಾಡಿದ ಭಾಗ ಮಾತ್ರ ಯಾವತ್ತೂ ಮುರಿಯಬಾರದು ಎಂದು ಚಿಕ್ಕಪ್ಪ ಒಂದು ನಂಬರ್ ಹೆಚ್ಚು ದಪ್ಪದ ಪೈಪು ಹಾಕಿದ್ದಾರೆ. ನಿನ್ನ ಭಾವ ಸೀಟಿನ ಕೆಳಗೆ ಎರಡು ಸ್ಪ್ರಿಂಗಿರುವ ಕಡೆ ನಾಲ್ಕು ಇಟ್ಟಿದ್ದಾರೆ. ಅತ್ತೆ ಮಾಡಿದ ಬೆಲ್ಲನ್ನು ಅಂಗಾತ ಇಟ್ಟರೆ ಮಗುವಿಗೆ ಊಟ ಬಡಿಸಬಹುದು. ನಾನೇನು ಕಡಿಮೆಯೇ? ಚಕ್ರಕ್ಕೆ ದಪ್ಪ ಕಡ್ಡಿ ಹಾಕಿ, ದಪ್ಪ ರಿಮ್ಮು ಹಾಕಿ, ಯಾರಿಗೂ ಹೇಳದೆ ದೇವರಿಗೆ ಮಾತ್ರ ಹೇಳಿ ಸುಮ್ಮನಿದ್ದೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಒಟ್ಟು ಸೇರಿ ಎಮ್ಮೆಯಾಗಿದೆ.

ಈಗ ಕೊಸರು ತೆಗೆಯಬೇಕು. ಮೊದಲು ಯಾರು ತೆಗೆಯುವುದು ಅನ್ನುವಲ್ಲಿಗೆ ಬಂದು ನಿಂತಿದೆ. "ನಾನ್ ತೆಗ್ದು, ನಾಳೆ ಫ್ರೇಮ್ ಬಗ್ಗಿದ್ರೆ ನನ್ ಹೆಸ್ರು ತಾನೇ ಹೋಗೋದು?" ಅಂತ ಚಿಕ್ಕಪ್ಪ. "ಬೆಲ್ಲಿಗೆ ಕೈಹಾಕಿದ್ರೆ ನಾನು ಸುಮ್ನಿರಲ್ಲ" ಅಂತ ಅತ್ತೆ. ಗಲ್ಲಿಯಲ್ಲಿ ಮುಖ ಊದಿಸಿಕೊಳ್ಳದವರು ನಾನೊಬ್ಬಳೇ, ಅದೂ ಹೊಟ್ಟೆ ಖಾಲಿ ಇದ್ದದ್ದಕ್ಕೆ.

ನಿನ್ನ ಗೆಳೆಯನ ಚಕ್ರದ ವಿಷಯ. ಎಲ್ಲಿ ಕಟ್ಟಿಸಿದನಂತೆ? ಹೇಗೆ ಕಟ್ಟಿದರಂತೆ? ಕೇಳಿ ಬರೆ. ಪಾಪ, ಎಲ್ಲಾದರೂ ಬಿದ್ದಾನು.

ಅಕ್ಕ


ಮಾರ್ಚ್ ೨೭

ಅಕ್ಕಾ,

ಎಮ್ಮೆ ಸೈಕಲ್ಲಿನ ಕಥೆಯನ್ನು ಇಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ಹೇಳಬೇಕೆಂದುಕೊಂಡೆ. ಆಮೇಲೆ ಯಾಕೋ ಹೇಳಲಿಲ್ಲ. ನಿನಗೊಬ್ಬಳಿಗೆ ಕಲಿಯಲು ಇಡೀ ಗಲ್ಲಿ ಸೇರಿ ಹೊಸ ಸೈಕಲ್ ಮಾಡುತ್ತದೆಯೇ ಎಂದು ನನ್ನ ಹೆಂಡತಿ ಹುಬ್ಬೇರಿಸಿದಳು. "ನಮ್ಮಕ್ಕ ಅಂದ್ರೆ ಗಲ್ಲಿಗೆ ಅಷ್ಟು ಪ್ರೀತಿ" ಅಂದೆ. ಅವಳು ನಗುತ್ತ ಒಳಗೆ ಹೋದಳು.

ಗೆಳೆಯನ ಚಕ್ರದ ಬಗ್ಗೆ ಕೇಳಿದೆಯಲ್ಲ. ಕಡ್ಡಿಗಳನ್ನು ಮಷೀನು ಒಂದೇ ಸಲಕ್ಕೆ ಬಿಗಿ ಮಾಡುತ್ತದೆ. ಬೆಂಡು ನೋಡುತ್ತಾರೆ, ಸರಿಯಾಗಿಯೇ ಇರುತ್ತದೆ. ಕೂಡಲೇ ಸೈಕಲ್ಲಿಗೆ ಹಾಕುತ್ತಾರೆ. ಅಂಗಳದಲ್ಲಿ ನಾಲ್ಕು ಸುತ್ತು ಹೊಡೆಸಿದರೆ ಕುಣಿಯುತ್ತದೆ. ಒಂದೆರಡಲ್ಲ, ನಮ್ಮವು ಎಲ್ಲವೂ ಹೀಗೇ, ಅಂದರೆ ಅವನವು. ಅವನ ಮನೆಯಲ್ಲಿ ಹಲವು ಸೈಕಲ್ಲುಗಳಿವೆ.

ಇಲ್ಲಿನ ಕಷ್ಟ ಬೇರೆಯೇ. ಸುತ್ತ ಬಯಲು, ನಡುವೆ ಕಾರ್ಖಾನೆ. ಒಂದು ಸ್ಕ್ರೂ ಮಾರುವ ಅಂಗಡಿಯೂ ಹತ್ತಿರದಲ್ಲಿಲ್ಲ. ಹೋದ ವಾರ ಒಂದು ಮಷೀನಿನ ಬೋಲ್ಟು ಮುರಿಯಿತು. ಚೀಟಿ ಬರೆದು, ಸಹಿ ಹಾಕಿಸಿ, ಲಾರಿ ಪೇಟೆಗೆ ಹೋಗಿ ಬರುವವರೆಗೆ ಇಡೀ ಸಾಲು ಬೀಡಿ ಸೇದುತ್ತ ಕೂತಿತು. ನಮ್ಮ ಗಲ್ಲಿಯಲ್ಲಾಗಿದ್ದರೆ "ಅತ್ತೇ, ಒಂದ್ ಬೋಲ್ಟು!" ಎಂದು ಕೂಗಿದ್ದರೆ ಎದುರು ಬಾಗಿಲಿನಿಂದ ಹಾರಿಬಂದು ಬೀಳುತ್ತಿತ್ತು, ಜೊತೆಗೆ ಒಂದು ಬೈಗುಳ. ಬೈಗುಳ ನೆನಪಾಗಿ ಕಣ್ಣಲ್ಲಿ ನೀರು ಬಂತು, ನಿಜವಾಗಿಯೂ.

ಗೆಳೆಯನಿಗೆ ಸ್ವಲ್ಪ ಬೇಗ ಉತ್ತರ ಬೇಕಂತೆ. ಏಪ್ರಿಲ್ ಮುಗಿಯುವ ಮುಂಚೆ ಏನೋ ಪರೀಕ್ಷೆ ಇದೆಯಂತೆ.

ತಮ್ಮ


ಏಪ್ರಿಲ್ ೧೫, ಸೋಮವಾರ

ತಮ್ಮಾ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಮೈಗೆ ಹುಷಾರಿಲ್ಲ ಅಂದುಕೊಂಡೆಯೋ ಏನೋ. ಚೆನ್ನಾಗಿದ್ದೇನೆ. ಪ್ರತಿ ಸೋಮವಾರವೂ ದೀಪ ಹಚ್ಚಿ, ಕಾಗದ ತೆಗೆದು, ಹಾಗೇ ಎತ್ತಿಟ್ಟೆ.

ನಿನ್ನ ಕಾಗದವನ್ನು ಜೋರಾಗಿ ಓದುತ್ತಿದ್ದೆ. ನಿನ್ನ ಭಾವ ಬಾಯಲ್ಲಿದ್ದ ದಾರ ತೆಗೆದು, "ಯಾವ ಗೆಳೆಯನೇ? ಅದು ಅವ್ರ ಕಾರ್ಖಾನೆ ಸ್ಯಾಂಪಲ್ಲು. ಶಾಲೆ ಆರ್ಡರಿಗೆ ಅವ್ರೂ ನಿಂತಿದಾರೆ" ಅಂದರು. ದಾರ ಮತ್ತೆ ಬಾಯಿಗೆ ಹಾಕಿಕೊಂಡು ಹೊಲಿಯತೊಡಗಿದರು. ನಾನು ಕಾಗದವನ್ನು ಮೊದಲಿನಿಂದ ಮತ್ತೆ ಓದಿದೆ.

ಇನ್ನು ಗುಟ್ಟೇನು ಬಂತು? ನಾವೂ ಅದಕ್ಕೇ ನಿಂತಿದ್ದೇವೆ ಕಣೋ. ಹೆಣ್ಣುಮಕ್ಕಳ ಶಾಲೆಗಳಿಗೆ ಸೈಕಲ್ ಕೊಡುವ ಆರ್ಡರ್. ನಾನು ಭಾರದ ಬಗ್ಗೆ ಕೇಳಿದ್ದು ಕಲಿಯಲಿಕ್ಕಲ್ಲ. ನೀನು ಕೇಳಿದ್ದು ಗೆಳೆಯನಿಗಲ್ಲ. ಒಬ್ಬರಿಗೊಬ್ಬರು ಕಣ್ಣಿಗೆ ಮಣ್ಣೆರಚುತ್ತ ಒಂದೂವರೆ ತಿಂಗಳು ಅಂಚೆಯವನನ್ನು ಓಡಾಡಿಸಿದೆವು. ನಿನ್ನ ಹೆಂಡತಿ ಮೊದಲೇ ಹಿಡಿದಿದ್ದಾಳೆ, ಜಾಣೆ.

ಚಕ್ರದ ವಿಷಯ ನಿನಗೆ ಹೇಳುವುದೋ ಬೇಡವೋ ಎಂದು ಚಿಕ್ಕಪ್ಪನನ್ನು ಕೇಳಿದೆ.

"ಎದುರಾಳಿಗೆ ನೀನೇ ದಾರಿ ತೋರಿಸ್ತೀಯೇನಮ್ಮಾ?" ಅಂದರು.

"ಎದುರಾಳಿ ಯಾರು ಚಿಕ್ಕಪ್ಪ? ನೀವು ಹೆಗಲ ಮೇಲೆ ಕೂರಿಸ್ಕೊಂಡು ಆಡಿಸಿದ ಹುಡುಗ."

"ಅವನು ಹುಡುಗನೇ. ಅವನ ಕಾರ್ಖಾನೆ ಹುಡುಗನಲ್ಲ. ಅವ್ರಿಗೆ ಆರ್ಡರ್ ಹೋದ್ರೆ ಈ ಬೀಗ ಎಲ್ಲಿಗ್ ಹೋಗತ್ತೆ ಅಂತ ಗೊತ್ತಲ್ಲ?"

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೇ ಇಷ್ಟು ದಿನ ಹಿಡಿಯಿತು. ಆದರೆ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ಆರ್ಡರ್ ಯಾರಿಗೇ ಹೋಗಲಿ, ಆ ಚಕ್ರದ ಮೇಲೆ ಕೂರುವುದು ಶಾಲೆಗೆ ಹೋಗುವ ಮಕ್ಕಳು. ಇಳಿಜಾರಿನಲ್ಲಿ ಚಕ್ರ ಕುಣಿದರೆ ಅದು ಗಲ್ಲಿಯದೋ ಕಾರ್ಖಾನೆಯದೋ ಎಂದು ಆ ಮಗುವಿನ ಮೊಣಕಾಲು ಕೇಳುತ್ತದೆಯೇ? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ನಾನು ಮಾಡುವ ಉಪವಾಸಕ್ಕೆ ಅರ್ಥವೇನು?

ಬರೆದುಕೊ. ಚಕ್ರ ಕಟ್ಟಿದ ಕೂಡಲೇ ಹಾಕಬಾರದು. ಪಕ್ಕಪಕ್ಕದ ಕಡ್ಡಿಗಳನ್ನು ಜೋಡಿಜೋಡಿಯಾಗಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ಬಲವಾಗಿ ಒತ್ತಬೇಕು. ಸುತ್ತಲೂ. ಆಗ ಕಡ್ಡಿ ಟಿಕ್ ಟಿಕ್ ಎಂದು ತನ್ನ ಜಾಗದಲ್ಲಿ ಕೂರುತ್ತದೆ. ಒಂದು ರಾತ್ರಿ ನೇತುಹಾಕಬೇಕು. ಬೆಳಗ್ಗೆ ಮತ್ತೆ ಬೆಂಡು ತೆಗೆಯಬೇಕು. ನಮ್ಮ ಅಮ್ಮ ಇದನ್ನು ನನಗೆ ಹೇಳಿಕೊಡುವಾಗ ನೀನು ತೊಟ್ಟಿಲಲ್ಲಿದ್ದೆ, ಅದಕ್ಕೇ ನಿನಗೆ ಗೊತ್ತಿಲ್ಲ.

ನಮ್ಮ ಎಮ್ಮೆ ಈಗ ಕರುವಾಗಿದೆ. ಮೊದಲು ನಾನೇ ತೆಗೆದೆ. ನನ್ನ ಚಕ್ರಗಳನ್ನು ಗಲ್ಲಿಯ ನಡುವೆ ಇಟ್ಟು, ಎಲ್ಲರ ಎದುರಿಗೆ ದಪ್ಪ ಕಡ್ಡಿ ಬಿಚ್ಚಿ ತೆಳುವಾದದ್ದನ್ನು ಹಾಕಿದೆ. ನಿನ್ನ ಭಾವ ಎರಡು ಸ್ಪ್ರಿಂಗು ಕಿತ್ತರು. ಚಿಕ್ಕಪ್ಪ ಸಂಜೆಯವರೆಗೂ ನೋಡಿ, "ಎಲ್ರೂ ಸೇರಿ ನನ್ ಮರ್ಯಾದೆ ತೆಗೀರಿ" ಎಂದು ಗೊಣಗುತ್ತ ಹೊಸ ಫ್ರೇಮಿಗೆ ಪೈಪು ಕತ್ತರಿಸಿದರು. ಮರುದಿನ ಆ ಫ್ರೇಮನ್ನು ಒಂದು ಬೆರಳಿನಲ್ಲಿ ನೇತುಹಾಕಿಕೊಂಡು ಗಲ್ಲಿಯೆಲ್ಲ ಸುತ್ತಿದ್ದೂ ಅವರೇ. ಅತ್ತೆ ಮಾತ್ರ ಬೆಲ್ಲು ಮುಟ್ಟಗೊಡಲಿಲ್ಲ. "ಒಬ್ರದ್ದಾದ್ರೂ ಕೊಸರು ಇರ್ಲಿ. ಇಲ್ದಿದ್ರೆ ಇದು ನಮ್ ಸೈಕಲ್ಲು ಅಂತ ಹೇಗ್ ಗೊತ್ತಾಗತ್ತೆ?" ಅಂದರು. ಬಿಟ್ಟೆವು.

ಪರೀಕ್ಷೆಗೆ ನಮ್ಮ ಕಡೆಯಿಂದ ಚಿಕ್ಕಪ್ಪ ಬರುತ್ತಾರೆ. ಕಂಡರೆ ನಮಸ್ಕಾರ ಮಾಡು. ಅವರು ಮುಖ ತಿರುಗಿಸಿದರೂ ಮಾಡು.

ಅಕ್ಕ


ಏಪ್ರಿಲ್ ೨೯

ಅಕ್ಕಾ,

ನಿನ್ನ ಕಾಗದ ಬಂದ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಆದರೂ ನೀನು ಹೇಳಿದ ಹಾಗೇ ಮಾಡಿಸಿದೆ. ಫಿಟ್ಟಿಂಗಿನವರೆಲ್ಲ ಸೇರಿ ಕಡ್ಡಿ ಹಿಂಡಿ ಹಿಂಡಿ ಅಂಗೈ ಕೆಂಪಾಯಿತು. ಸ್ಯಾಂಪಲ್ಲಿನ ಚಕ್ರ ನಿಂತಿತು.

ಪರೀಕ್ಷೆ ಒಂದು ಶಾಲೆಯ ಅಂಗಳದಲ್ಲಿ ನಡೆಯಿತು. ದೊಡ್ಡ ಹೆಡ್‌ಮೇಡಂ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹುಡುಗಿಯರು ಒಂದೊಂದು ಸೈಕಲ್ಲನ್ನೂ ಓಡಿಸಿ, ಎತ್ತಿಕೊಂಡು ಮೆಟ್ಟಿಲು ಹತ್ತಿ ಇಳಿದರು. ನಮ್ಮದು ಹಗುರವಿತ್ತು, ಹತ್ತಿದರು. ನಿಮ್ಮದನ್ನು ಎರಡು ಜಡೆಯ ಹುಡುಗಿಯೊಬ್ಬಳು ಎತ್ತಿಕೊಂಡು ಓಡಿಯೇ ಹತ್ತಿದಳು. ಮೇಲೆ ನಿಂತು ಬೆಲ್ಲು ಹೊಡೆದಳು ನೋಡು, ಬೇಸಿಗೆ ತರಗತಿಯ ಪಾಠ ನಡೆಯುತ್ತಿದ್ದ ಕೋಣೆಗಳಿಂದೆಲ್ಲ ಮಕ್ಕಳು ಸಂಜೆಯಾಯಿತೆಂದು ಚೀಲ ಹಾಕಿಕೊಂಡು ಹೊರಗೆ ಬಂದುಬಿಟ್ಟರು! ಹೆಡ್‌ಮೇಡಂಗೆ ನಗು ತಡೆಯಲಾಗಲಿಲ್ಲ. ಹುಡುಗಿ ಸೈಕಲ್ ವಾಪಸು ಕೊಡಲೇ ಒಲ್ಲಳು.

ಆದರೆ ಅಕ್ಕಾ, ಆರ್ಡರ್ ನಮಗೆ ಬಂತು. ಅಷ್ಟೊಂದು ಸೈಕಲ್ಲನ್ನು ಅಷ್ಟು ಬೇಗ, ಅಷ್ಟು ಕಡಿಮೆಗೆ ಗಲ್ಲಿಯವರು ಕೊಡಲಾರರು ಅಂದರು. ಒಂದೇ ಷರತ್ತು: ಚಕ್ರ, ಸೀಟು, ಬೆಲ್ಲು ಮೂರೂ ಗಲ್ಲಿಯ ಸೈಕಲ್ಲಿನಲ್ಲಿದ್ದ ಹಾಗೇ ಇರಬೇಕು. ನಾನು ಚಿಕ್ಕಪ್ಪನಿಗೆ ನಮಸ್ಕಾರ ಮಾಡಿದೆ. ಮುಖ ತಿರುಗಿಸಲಿಲ್ಲ. ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿ ಮಾಡಿದೀಯ ಕಣಯ್ಯಾ" ಅಂದು ಸೈಕಲ್ ತಳ್ಳಿಕೊಂಡು ಹೋದರು. ಮುಖ ತಿರುಗಿಸಿದ್ದರೇ ಚೆನ್ನಾಗಿತ್ತು.

ಈಗ ನಮ್ಮ ಮ್ಯಾನೇಜರ್ ನನ್ನನ್ನು ಕರೆದು, "ನಿಮ್ಮಕ್ಕನ್ನ ಇಲ್ಲಿಗೇ ಕರ್ಕೊಂಡ್ ಬನ್ನಿ. ಚಕ್ರದ ವಿಭಾಗ ಪೂರ್ತಿ ಅವ್ರ ಕೈಗೆ ಕೊಡ್ತೀವಿ. ಮನೆ, ಸಂಬಳ ಎಲ್ಲ ಇದೆ. ನಿಮ್ ಭಾವನಿಗೂ ಬೆಲ್ಲಿನವರಿಗೂ ಕೆಲ್ಸ ಇದೆ" ಎಂದಿದ್ದಾರೆ. ಒಳ್ಳೆಯವರು, ಮನಸ್ಸಿನಿಂದಲೇ ಹೇಳಿದ್ದು. ಬಾ ಅಕ್ಕಾ. ಮನೆಗೆ ಎರಡು ಕೋಣೆ, ಕಿಟಕಿಗೆ ಬಿಸಿಲು ಬರುತ್ತದೆ. ದೇವರನ್ನು ಎಲ್ಲಿಡಬೇಕೆಂದು ನನ್ನ ಹೆಂಡತಿ ಆಗಲೇ ಗೋಡೆ ನೋಡಿದ್ದಾಳೆ. ಚಿಕ್ಕಪ್ಪನಿಗೆ ಮಾತ್ರ ಇಲ್ಲಿ ಜಾಗವಿಲ್ಲವಂತೆ, ಫ್ರೇಮು ನಮ್ಮದೇ ಇದೆ.

ಹೂಂ ಅನ್ನು. ಎರಡು ಸಾಲು ಬರೆದರೂ ಸಾಕು, ಕೂಡಲೇ ಅಂಚೆಗೆ ಹಾಕು.

ತಮ್ಮ


ಮೇ ೬, ಸೋಮವಾರ

ತಮ್ಮಾ,

ಇವತ್ತೂ ಉಪವಾಸವೇ. ಆದರೆ ಹೊಟ್ಟೆ ತುಂಬಿದ ಹಾಗಿದೆ.

ನಿನ್ನ ಕಾಗದವನ್ನು ಗಲ್ಲಿಯಲ್ಲಿ ಎಲ್ಲರ ಮುಂದೆ ಓದಿದೆ. ಆರ್ಡರ್ ಹೋಯಿತು ಅನ್ನುವುದು ಚಿಕ್ಕಪ್ಪನ ಮುಖ ನೋಡಿಯೇ ಗೊತ್ತಾಗಿತ್ತು. ಮಕ್ಕಳು ಚೀಲ ಹಾಕಿಕೊಂಡು ಹೊರಗೆ ಬಂದದ್ದನ್ನು ಅತ್ತೆ ನನ್ನ ಕೈಲಿ ಮೂರು ಸಲ ಓದಿಸಿದರು. ಮನೆ, ಸಂಬಳದ ಸಾಲು ಬಂದಾಗ ಮಾತ್ರ ಎಲ್ಲರೂ ಚಿಕ್ಕಪ್ಪನ ಕಡೆ ನೋಡಿದರು. ಚಿಕ್ಕಪ್ಪ ಎದ್ದು, "ಹೋಗ್ಬನ್ನಿ. ನಂದೇನು, ವಯಸ್ಸಾಯ್ತು" ಎಂದು ಮೊಳೆಯಿಂದ ಬೀಗ ತೆಗೆದುಕೊಂಡರು.

ನಾನು ಆ ಬೀಗವನ್ನು ಅವರ ಕೈಯಿಂದ ಕಿತ್ತುಕೊಂಡೆ. ಹಿರಿಯರ ಕೈಯಿಂದ ಕಿತ್ತುಕೊಂಡದ್ದು ತಪ್ಪು, ಸಂಜೆ ದೀಪದ ಮುಂದೆ ಕ್ಷಮೆ ಕೇಳಿದೆ. ಬೀಗವನ್ನು ಮಾತ್ರ ಹಿಂದೆ ಕೊಡಲಿಲ್ಲ.

ನಿನ್ನ ಹೆಂಡತಿಗೆ ಹೇಳು, ದೇವರಿಗೆ ಗೋಡೆ ನೋಡಿದ್ದಕ್ಕೆ ನನ್ನ ಕಣ್ಣು ತುಂಬಿತು. ನಿಮ್ಮ ಮ್ಯಾನೇಜರಿಗೂ ನಮಸ್ಕಾರ ತಿಳಿಸು. ಆದರೆ ತಮ್ಮಾ, ನಾನೊಬ್ಬಳೇ ಚಕ್ರ ಕಟ್ಟುವುದು ಅಂದುಕೊಂಡಿದ್ದೀರಲ್ಲ, ಅಲ್ಲಿ ತಪ್ಪಿದ್ದೀರಿ. ಕಡ್ಡಿ ಉದ್ದವಾದರೆ ಅತ್ತೆಯ ಸಾಣೆಕಲ್ಲಿನಲ್ಲಿ ಉಜ್ಜುತ್ತೇನೆ. ಚಕ್ರದ ನಡುವಿನ ಹಬ್ಬು ಬಿಗಿಯಾದರೆ ಚಿಕ್ಕಪ್ಪನ ಅರದಲ್ಲಿ ತಿಕ್ಕುತ್ತೇನೆ. ಕಟ್ಟಿದ ಚಕ್ರವನ್ನು ಮೊದಲು ಹಾಕಿ ನೋಡುವುದು ಚಿಕ್ಕಪ್ಪ ಬೆಸೆದ ಫೋರ್ಕಿನ ಎರಡು ಕವಲಿನ ನಡುವೆ. ನನ್ನನ್ನು ಕಿತ್ತು ಬಯಲಿನಲ್ಲಿ ನೆಟ್ಟರೆ ನಾನೂ ಒಂದು ಬೋಲ್ಟಿಗೆ ಚೀಟಿ ಬರೆದು ಲಾರಿ ಕಾಯುತ್ತ ಕೂರುತ್ತೇನೆ. ಅದಕ್ಕಿಂತ ಲಾರಿಯೇ ಇಲ್ಲಿಗೆ ಬರಲಿ.

ಆದ್ದರಿಂದ ನಮ್ಮ ಮಾತು ಇದು. ಚಕ್ರ, ಸೀಟು, ಬೆಲ್ಲು ಗಲ್ಲಿಯಿಂದಲೇ ಬರುತ್ತವೆ, ಕೇಳಿದ ದಿನಕ್ಕೆ. ಫ್ರೇಮು, ಬಣ್ಣ, ಜೋಡಣೆ ನಿಮ್ಮದು. ಇನ್ನೊಂದು. ಮುಂದಿನ ಚಕ್ರವನ್ನು ಬರಿದೇ ಕೊಡುವುದಿಲ್ಲ. ಚಿಕ್ಕಪ್ಪನ ಫೋರ್ಕಿಗೆ ಹಾಕಿ, ಬೆಂಡು ನೋಡಿ, ಫೋರ್ಕಿನ ಸಮೇತವೇ ಕೊಡುತ್ತೇವೆ. ಅದು ನಮ್ಮ ಕೊಸರು. ಬಿಟ್ಟಿ ಕೊಸರಲ್ಲ ಎಂದು ಮ್ಯಾನೇಜರಿಗೆ ಮೊದಲೇ ಹೇಳಿಬಿಡು. ಹಗುರವಾಗಿಯೇ ಇರುತ್ತದೆ, ಚಿಕ್ಕಪ್ಪ ಒಂದು ಬೆರಳಿನಲ್ಲಿ ನೇತುಹಾಕಿಕೊಂಡು ತೋರಿಸಿದ್ದಾರೆ. ಈಗ ಅವರನ್ನು ಮಾತಾಡಿಸುವ ಹಾಗಿಲ್ಲ, ಬೆಳಗ್ಗೆಯಿಂದ ಶೆಡ್ಡಿನಲ್ಲಿ ಕಿಡಿ ಹಾರುತ್ತಿದೆ.

ನೀನು ತಪ್ಪು ತಿಳಿದು ಬರೆದ ಒಂದು ಮಾತನ್ನು ಮಾತ್ರ ನಿಜ ಮಾಡಿದ್ದೇನೆ. ಪರೀಕ್ಷೆಯಿಂದ ವಾಪಸು ಬಂದ ಆ ಸೈಕಲ್ಲನ್ನು ಯಾರೂ ಮಾರಲು ಒಪ್ಪಲಿಲ್ಲ, ನನಗೇ ಕೊಟ್ಟರು. ಸಂಜೆ ಗಲ್ಲಿ ಖಾಲಿಯಾದ ಮೇಲೆ ಹತ್ತಿದೆ. ನಿನ್ನ ಭಾವ ಹಿಂದಿನಿಂದ ಸೀಟು ಹಿಡಿದುಕೊಂಡರು. ತಿರುಗಿ ನೋಡಿದೆ, ಬಿದ್ದೆ. ಮರುದಿನ ತಿರುಗಿ ನೋಡಲಿಲ್ಲ. ಗಲ್ಲಿಯ ಮೇಲ್ತುದಿಯಲ್ಲಿ ನಿಂತು ನೋಡಿದರೆ ಅವರು ಕೆಳತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಾರೆ. ಚಿಕ್ಕಪ್ಪನ ಬೀಗ ಈಗ ನನ್ನ ಸೈಕಲ್ಲಿನ ಚೈನಿಗಿದೆ.

ನೀನು ಉತ್ತರವನ್ನು ಅಂಚೆಗೆ ಹಾಕು ಅಂದೆ. ಹಾಕಿದರೆ ಅಂಚೆಯವನು ಓಡಿಹೋದಾನು. ನನ್ನ ಉತ್ತರ ಕಡ್ಡಿ ಹಿಂಡಿಸಿಕೊಂಡು, ರಾತ್ರಿಯೆಲ್ಲ ನೇತುಬಿದ್ದು, ಬೆಳಗ್ಗೆ ಬೆಂಡು ತೆಗೆಸಿಕೊಂಡು, ಬಾಗಿಲಿನಿಂದ ಹಿತ್ತಿಲವರೆಗೆ ಕೊಕ್ಕೆಗಳ ತುಂಬ ತೂಗಾಡುತ್ತಿದೆ. ನಡೆದಾಡಲು ಜಾಗವಿಲ್ಲ, ನಿನ್ನ ಭಾವ ಬಗ್ಗಿಕೊಂಡೇ ಓಡಾಡುತ್ತಿದ್ದಾರೆ. ಬೇಗ ಲಾರಿ ಕಳಿಸಿ ಯಾರನ್ನಾದರೂ ಅಟ್ಟಿ ಅದನ್ನು ತರಿಸಿಕೊ. ನೀನೇ ಬಂದರೆ ಇನ್ನೂ ಒಳ್ಳೆಯದು. ಸೋಮವಾರ ಮಾತ್ರ ಬರಬೇಡ, ಊಟ ಹಾಕಬೇಕು.

ನಿನ್ನ ಅಕ್ಕ